‘ದಿನಾ ಎರಡೇ ಪೆಗ್ ರೀ’: ಮಾಜಿ ಸೈನಿಕರ ಕುಡಿತವನ್ನು ಓಪಿಡಿಯಲ್ಲಿ ಅಳೆಯುವುದು ಹೇಗೆ?

ಬೆಳಗಾವಿ ಸೀಮೆಗೆ ಮಿಲಿಟರಿ ಹೊಸದಲ್ಲ. ಮರಾಠಾ ಲಘು ಪದಾತಿ ದಳದ ರೆಜಿಮೆಂಟಲ್ ಸೆಂಟರ್ ಈ ಊರಲ್ಲೇ ಇದೆ. ಸಾಂಬ್ರಾದಲ್ಲಿ ವಾಯುಪಡೆಯ ತರಬೇತಿ ಶಾಲೆ ಇದೆ. ಬೈಲಹೊಂಗಲ, ಸವದತ್ತಿ, ಗೋಕಾಕ, ಖಾನಾಪುರ ಕಡೆ ಯಾವ ಹಳ್ಳಿಗೆ ಹೋದರೂ ಮಿಲಿಟರಿಯಿಂದ ರಿಟೈರ್ ಆಗಿ ಬಂದವರು ಸಿಗುತ್ತಾರೆ. ರಿಟೈರ್ ಅಂದ ಕೂಡಲೇ ಮುದುಕರು ಅಂದುಕೊಳ್ಳಬೇಡಿ. ಸಿಪಾಯಿಯಾಗಿ ಸೇರಿದ ಹುಡುಗ ಪೆನ್ಷನ್ ತಗೊಂಡು ಬರುವಾಗ ನಲವತ್ತರ ಆಸುಪಾಸಿನಲ್ಲಿರುತ್ತಾನೆ. ಮಕ್ಕಳು ಇನ್ನೂ ಶಾಲೆಯಲ್ಲಿ ಓದುತ್ತಿರುತ್ತಾರೆ. ಮುಂದೆ ಬ್ಯಾಂಕಿನ ಸೆಕ್ಯುರಿಟಿ ಕೆಲಸವೋ, ಹೊಲವೋ, ಒಂದು ಸಣ್ಣ ಅಂಗಡಿಯೋ.

ಇವರ ಆರೋಗ್ಯಕ್ಕೆ ಇಸಿಎಚ್ಎಸ್ ಅನ್ನುವ ಯೋಜನೆ ಇದೆ. 2003ರ ಏಪ್ರಿಲ್‌ನಲ್ಲಿ ಶುರುವಾದದ್ದು. ಪಾಲಿಕ್ಲಿನಿಕ್‌ಗೆ ಹೋದರೆ ಡಾಕ್ಟರು ನೋಡುತ್ತಾರೆ, ಔಷಧಿ ಸಿಗುತ್ತದೆ, ಬೇಕಾದರೆ ದೊಡ್ಡ ಆಸ್ಪತ್ರೆಗೆ ರೆಫರಲ್ ಬರೆದುಕೊಡುತ್ತಾರೆ. ಸರ್ಕಾರಿ ಆಸ್ಪತ್ರೆಯೋ ಖಾಸಗಿ ಕ್ಲಿನಿಕ್ಕೋ, ಓಪಿಡಿಗೆ ಬಂದವರ ಬಿಪಿ ನೋಡುವುದು, ಶುಗರ್ ನೋಡುವುದು ಈಗ ಎಲ್ಲ ಕಡೆ ರೂಢಿಯಾಗಿದೆ. ಕುಡಿತದ ವಿಷಯ ಮಾತ್ರ ಹಾಗಲ್ಲ. ಡಾಕ್ಟರು ಚೀಟಿ ಬರೆಯುತ್ತಲೇ, ತಲೆ ಎತ್ತದೆ ಕೇಳುತ್ತಾರೆ: ‘ಕುಡಿಯೋದು ಗಿಡಿಯೋದು ಇದೆಯಾ?’ ಎದುರಿಗೆ ಕೂತವರು ಹೇಳುತ್ತಾರೆ: ‘ಅಷ್ಟೇನಿಲ್ರೀ ಸರ್, ಯಾವಾಗರೆ ಒಮ್ಮೆ.’ ಮಾತು ಅಲ್ಲಿಗೆ ಮುಗಿಯಿತು.

ಈ ಉತ್ತರದಿಂದ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಉತ್ತರ ಕೊಟ್ಟವರದ್ದಲ್ಲ ತಪ್ಪು, ಪ್ರಶ್ನೆಯದ್ದು. ಬಿಪಿಯನ್ನು ‘ಜಾಸ್ತಿ ಇದೆಯಾ?’ ಅಂತ ಕೇಳಿ ಬರೆದುಕೊಳ್ಳುವವರಿಲ್ಲ, ಪಟ್ಟಿ ಕಟ್ಟಿ ಅಳೆಯುತ್ತಾರೆ. ಕುಡಿತವನ್ನೂ ಅಳೆಯಬಹುದು. ಅದಕ್ಕೆ ಮೆಷಿನ್ ಬೇಡ, ರಕ್ತವೂ ಬೇಡ. ಮೂರು ಪ್ರಶ್ನೆ ಸಾಕು.

ಮೊದಲು ಒಂದು ಮಾತು ಸ್ಪಷ್ಟವಾಗಲಿ. ಈ ಸ್ಕ್ರೀನಿಂಗ್, ಅಂದರೆ ಎಲ್ಲರನ್ನೂ ಕೇಳಿ ಸೋಸಿ ನೋಡುವ ತಪಾಸಣೆ, ಇರುವುದು ಕುಡುಕರನ್ನು ಹಿಡಿಯಲಿಕ್ಕಲ್ಲ. ದಾರಿಯಲ್ಲಿ ಬೀಳುವವರನ್ನು, ಬೆಳಿಗ್ಗೆ ಎದ್ದ ಕೂಡಲೇ ಕೈ ನಡುಗುವವರನ್ನು ಗುರುತಿಸಲು ಯಾವ ಪ್ರಶ್ನಾವಳಿಯೂ ಬೇಡ, ಓಣಿಯವರೇ ಹೇಳುತ್ತಾರೆ. ಸ್ಕ್ರೀನಿಂಗ್ ಹುಡುಕುವುದು ಅದಕ್ಕಿಂತ ಎಷ್ಟೋ ಹಿಂದಿನ ಮೆಟ್ಟಿಲಲ್ಲಿರುವವರನ್ನು. ಇವರು ಮನೆಯಲ್ಲೇ, ಶಿಸ್ತಿನಿಂದ, ಯಾರಿಗೂ ತೊಂದರೆ ಕೊಡದೆ ಕುಡಿಯುತ್ತಾರೆ. ಜಗಳವಿಲ್ಲ, ಸಾಲವಿಲ್ಲ. ಆದರೆ ಬಿಪಿ ಮಾತ್ರೆ ಎರಡಾದರೂ ಬಿಪಿ ಇಳಿಯುವುದಿಲ್ಲ. ಶುಗರ್ ಮಾತ್ರೆ ನುಂಗಿ, ಕುಡಿದು, ಊಟ ಬಿಟ್ಟು ಮಲಗಿದ ರಾತ್ರಿ ಶುಗರ್ ದಿಢೀರನೆ ಕುಸಿಯುತ್ತದೆ. ನಿದ್ದೆ ಬರುತ್ತದೆ, ಆದರೆ ಎರಡು ಗಂಟೆಗೆ ಎಚ್ಚರವಾಗಿ ಮತ್ತೆ ಹತ್ತುವುದಿಲ್ಲ. ಇದನ್ನೆಲ್ಲ ಕುಡಿತಕ್ಕೆ ಯಾರೂ ಜೋಡಿಸುವುದಿಲ್ಲ, ಯಾಕೆಂದರೆ ಅವರು ‘ಕುಡುಕ’ ಅಲ್ಲ.

ವಿಶ್ವ ಆರೋಗ್ಯ ಸಂಸ್ಥೆ 1980ರ ದಶಕದಲ್ಲಿ ಇದಕ್ಕೆಂದೇ ಹತ್ತು ಪ್ರಶ್ನೆಗಳ ಒಂದು ಪಟ್ಟಿ ತಯಾರಿಸಿತು. ಹೆಸರು ‘ಆಡಿಟ್’. ನಾರ್ವೆ, ಆಸ್ಟ್ರೇಲಿಯಾ, ಕೀನ್ಯಾ, ಬಲ್ಗೇರಿಯಾ, ಮೆಕ್ಸಿಕೊ, ಅಮೆರಿಕ ಹೀಗೆ ಆರು ದೇಶಗಳ ರೋಗಿಗಳನ್ನು ಇಟ್ಟುಕೊಂಡು ರೂಪಿಸಿದ ಪಟ್ಟಿ ಅದು. ಅದಕ್ಕಿಂತ ಹಳೆಯದು ‘ಕೇಜ್’ ಅಂತ ನಾಲ್ಕು ಪ್ರಶ್ನೆಗಳದ್ದು: ಕಮ್ಮಿ ಮಾಡಬೇಕು ಅಂತ ಎಂದಾದರೂ ಅನ್ನಿಸಿದೆಯಾ, ಯಾರಾದರೂ ಕುಡಿತದ ಬಗ್ಗೆ ಅಂದರೆ ಸಿಟ್ಟು ಬರುತ್ತದಾ, ತಪ್ಪು ಮಾಡಿದೆ ಅನ್ನಿಸಿದೆಯಾ, ಬೆಳಿಗ್ಗೆ ಎದ್ದ ಕೂಡಲೇ ಬೇಕಾಗಿದೆಯಾ. ಕುಡಿತಕ್ಕೆ ಪೂರ್ತಿ ಸಿಕ್ಕಿಬಿದ್ದವರನ್ನು ಕೇಜ್ ಹಿಡಿಯುತ್ತದೆ. ನಾನು ಮೇಲೆ ಹೇಳಿದ ಶಿಸ್ತಿನ ಮನುಷ್ಯ ನಾಲ್ಕಕ್ಕೂ ‘ಇಲ್ಲ’ ಎಂದು ಪ್ರಾಮಾಣಿಕವಾಗಿಯೇ ಹೇಳಿ ಪಾಸಾಗುತ್ತಾನೆ.

ಆಡಿಟ್‌ನ ಹತ್ತರಲ್ಲಿ ಮೊದಲ ಮೂರು ಪ್ರಶ್ನೆಗಳನ್ನಷ್ಟೇ ಬಿಡಿಸಿ ತೆಗೆದರೆ ಅದು ‘ಆಡಿಟ್-ಸಿ’. 1998ರಲ್ಲಿ ಅಮೆರಿಕದ ಸಂಶೋಧಕರು ಇದನ್ನು ಮಾಜಿ ಸೈನಿಕರ ಆಸ್ಪತ್ರೆಗಳ ಹೊರರೋಗಿಗಳ ಮೇಲೆಯೇ ಪರೀಕ್ಷಿಸಿದರು. ಮೂರೇ ಪ್ರಶ್ನೆಗಳು ಚೆನ್ನಾಗಿ ಕೆಲಸ ಮಾಡುತ್ತವೆ ಎಂದು ಗೊತ್ತಾಯಿತು. 2004ರಿಂದ ಅಲ್ಲಿನ ಮಾಜಿ ಸೈನಿಕರ ಆರೋಗ್ಯ ಇಲಾಖೆ ಪ್ರತಿ ರೋಗಿಗೂ ವರ್ಷಕ್ಕೊಮ್ಮೆ ಈ ಪ್ರಶ್ನೆಗಳನ್ನು ಕೇಳುತ್ತಿದೆ. ಕೇಳದಿದ್ದರೆ ಕಂಪ್ಯೂಟರೇ ನೆನಪಿಸುತ್ತದೆ.

ಆ ಮೂರು ಪ್ರಶ್ನೆ ಹೀಗಿವೆ. ಕಳೆದ ಒಂದು ವರ್ಷದಲ್ಲಿ ಎಷ್ಟು ಸಲ ಕುಡಿದಿರಿ? ಕುಡಿಯುವ ದಿನ ಎಷ್ಟು ಡ್ರಿಂಕ್ ಆಗುತ್ತದೆ? ಒಂದೇ ಸಲಕ್ಕೆ ಆರು ಅಥವಾ ಅದಕ್ಕಿಂತ ಹೆಚ್ಚು ಡ್ರಿಂಕ್ ಆಗುವುದು ಎಷ್ಟು ಸಲ? ಪ್ರತಿ ಪ್ರಶ್ನೆಗೂ ಸೊನ್ನೆಯಿಂದ ನಾಲ್ಕರವರೆಗೆ ಅಂಕ, ಒಟ್ಟು 12. ಗಂಡಸರಿಗೆ 4, ಹೆಂಗಸರಿಗೆ 3 ಬಂದರೆ ‘ಸ್ವಲ್ಪ ಕೂತು ಮಾತಾಡೋಣ’ ಅಂತ ಅರ್ಥ. ಹೆಂಗಸರಿಗೆ ಅಂಕ ಕಮ್ಮಿ ಇಟ್ಟಿದ್ದು ನೈತಿಕತೆಯ ಲೆಕ್ಕದಿಂದಲ್ಲ. ಅವರ ಮೈಯಲ್ಲಿ ನೀರಿನಂಶ ಕಮ್ಮಿ, ಅಷ್ಟೇ ಕುಡಿದರೂ ರಕ್ತದಲ್ಲಿ ಮದ್ಯದ ಪ್ರಮಾಣ ಹೆಚ್ಚು ಏರುತ್ತದೆ. ವಯಸ್ಸಾದ ಗಂಡಸರಿಗೂ ಇದೇ ಮಾತು. ನಲವತ್ತರಲ್ಲಿ ತಡೆದುಕೊಂಡದ್ದನ್ನು ಅರವತ್ತೈದರಲ್ಲಿ ದೇಹ ತಡೆದುಕೊಳ್ಳುವುದಿಲ್ಲ.

ಕೇಳಲಿಕ್ಕೆ ಸುಲಭ, ಅಲ್ವಾ? ಎಡವಟ್ಟಾಗುವುದು ಎರಡನೆಯ ಪ್ರಶ್ನೆಯಲ್ಲಿ. ಒಂದು ಡ್ರಿಂಕ್ ಅಂದರೆ ಎಷ್ಟು?

ಆಡಿಟ್ ಕೈಪಿಡಿ ಹಿಡಿಯುವ ಲೆಕ್ಕ ಸುಮಾರು 10 ಗ್ರಾಂ ಶುದ್ಧ ಮದ್ಯಸಾರ. ನಮ್ಮಲ್ಲಿ ಮಾರುವ ರಮ್, ವಿಸ್ಕಿ, ಬ್ರಾಂಡಿ ಬಾಟಲಿಯ ಮೇಲೆ ಸಾಮಾನ್ಯವಾಗಿ 42.8 ಪರ್ಸೆಂಟ್ ಅಂತ ಬರೆದಿರುತ್ತದೆ. ಅದರ 30 ಎಂಎಲ್‌ನಲ್ಲಿ ಹೆಚ್ಚುಕಮ್ಮಿ 10 ಗ್ರಾಂ ಮದ್ಯಸಾರ ಇರುತ್ತದೆ. ಅಂದರೆ ಸ್ಮಾಲ್ ಪೆಗ್ ಒಂದು ಡ್ರಿಂಕ್. ಲಾರ್ಜ್ ಎರಡು. 90 ಎಂಎಲ್ ಪ್ಯಾಕೆಟ್ ಮೂರು. 180ರ ಕ್ವಾರ್ಟರ್ ಆರು. 650 ಎಂಎಲ್‌ನ ಸಾದಾ ಬಿಯರ್ ಬಾಟಲಿ ಎರಡೂವರೆ. ಅದೇ ಬಾಟಲಿಯಲ್ಲಿ 8 ಪರ್ಸೆಂಟಿನ ಸ್ಟ್ರಾಂಗ್ ಬಿಯರ್ ಇದ್ದರೆ ನಾಲ್ಕು. ‘ಬರೀ ಬಿಯರ್ ರೀ’ ಅನ್ನುವವರು ಈ ಕೊನೆಯ ಲೆಕ್ಕವನ್ನು ಇನ್ನೊಮ್ಮೆ ಓದಿ.

ಈಗ ಬೈಲಹೊಂಗಲ ಕಡೆಯ ಒಬ್ಬ ನಿವೃತ್ತ ಹವಾಲ್ದಾರರನ್ನು ಊಹಿಸಿಕೊಳ್ಳಿ. ಐವತ್ತೆಂಟು ವಯಸ್ಸು. ‘ದಿನಾ ಸಂಜಿಮುಂದ ಎರಡೇ ಪೆಗ್ ರೀ, ಮೂರನೇದು ಮುಟ್ಟೂದಿಲ್ಲ’ ಅನ್ನುತ್ತಾರೆ. ಸುಳ್ಳಲ್ಲ. ನರ್ಸ್ ‘2’ ಅಂತ ಬರೆದುಕೊಂಡರು. ವಾರಕ್ಕೆ ನಾಲ್ಕು ಸಲಕ್ಕಿಂತ ಜಾಸ್ತಿ, ಅದಕ್ಕೆ 4 ಅಂಕ. ಎರಡು ಡ್ರಿಂಕ್‌ಗೆ ಸೊನ್ನೆ. ಆರು ಡ್ರಿಂಕ್ ಎಂದೂ ಆಗಿಲ್ಲ, ಸೊನ್ನೆ. ಒಟ್ಟು 4. ಆದರೆ ಅವರ ಪೆಗ್ ಲಾರ್ಜ್, 60 ಎಂಎಲ್. ಹಾಗಾಗಿ ಡ್ರಿಂಕ್ ಎರಡಲ್ಲ, ನಾಲ್ಕು. ಅಂಕ 5. ಒಂದು ಅಂಕದಲ್ಲಿ ಏನಿದೆ ಅನ್ನಬಹುದು. ಅಮೆರಿಕದ ಆ ಆಸ್ಪತ್ರೆಗಳಲ್ಲಿ ‘ಇವರಿಗೆ ಬುದ್ಧಿಮಾತು ಹೇಳಿ’ ಎಂದು ಕಂಪ್ಯೂಟರ್ ಎಚ್ಚರಿಸುವುದು 5ರಿಂದ. ಅಂಥದೇ ನಿಯಮ ಇಲ್ಲಿಟ್ಟರೆ, ಪೆಗ್‌ನ ಅಳತೆ ಕೇಳದ ಒಂದೇ ಕಾರಣಕ್ಕೆ ನಮ್ಮ ಹವಾಲ್ದಾರರು ಜರಡಿಯಿಂದ ಜಾರಿ ಹೋಗುತ್ತಾರೆ. ಮನೆಯಲ್ಲಿ ಕಣ್ಣಳತೆಯಲ್ಲಿ ಸುರಿದುಕೊಳ್ಳುವ ಪೆಗ್ 60ಕ್ಕೂ ನಿಲ್ಲುವುದಿಲ್ಲ, ಅದು ಬೇರೆ ಮಾತು.

ಇನ್ನೊಬ್ಬರನ್ನು ತಗೊಳ್ಳಿ. ಇವರು ವಾರವಿಡೀ ಮುಟ್ಟುವುದಿಲ್ಲ. ಶನಿವಾರ ರಾತ್ರಿ ಮಾತ್ರ ಒಂದು ಕ್ವಾರ್ಟರ್, ಮಟನ್ ಜೊತೆಗೆ. ಎಲ್ಲರ ಕಣ್ಣಿಗೂ ಇವರು ದಿನಾ ಕುಡಿಯುವವರಿಗಿಂತ ವಾಸಿ. ಲೆಕ್ಕ ಹಾಕಿ ನೋಡಿ: ತಿಂಗಳಿಗೆ ನಾಲ್ಕು ಸಲ, 2 ಅಂಕ. ಕುಡಿದ ದಿನ ಆರು ಡ್ರಿಂಕ್, 2 ಅಂಕ. ಆರು ಡ್ರಿಂಕ್ ವಾರಕ್ಕೊಮ್ಮೆ, 3 ಅಂಕ. ಒಟ್ಟು 7. ಒಂದೇ ಕೂತಿಗೆ ಅಷ್ಟು ಕುಡಿದರೆ ಆ ರಾತ್ರಿಯ ಬೈಕ್ ಸವಾರಿ, ಎದೆಬಡಿತದ ಏರುಪೇರು, ಬೀಳುವುದು ಇವೆಲ್ಲದರ ಅಪಾಯವೂ ಒಟ್ಟಿಗೆ ಏರುತ್ತದೆ. ಅದಕ್ಕೇ ಮೂರನೆಯ ಪ್ರಶ್ನೆ ಇರುವುದು.

ಮಾಜಿ ಸೈನಿಕರ ವಿಷಯದಲ್ಲಿ ಅಳೆಯಲು ಒಂದು ಒಳ್ಳೆಯ ದಾರಿ ಇದೆ. ಪೆಗ್ ಬಿಟ್ಟು ಬಾಟಲಿ ಕೇಳಿ. ಮಿಲಿಟರಿ ಕ್ಯಾಂಟೀನ್‌ನಲ್ಲಿ ಹುದ್ದೆಗೆ ತಕ್ಕಂತೆ ತಿಂಗಳಿಗೆ ಇಂತಿಷ್ಟು ಬಾಟಲಿ ಅಂತ ಕೋಟಾ ಇರುತ್ತದೆ. ಹೊರಗಿನ ಅಂಗಡಿಗಿಂತ ಅಗ್ಗ. ಹಾಗಾಗಿ ಲೆಕ್ಕ ಅವರ ಬಾಯಲ್ಲೇ ಇರುತ್ತದೆ. ‘ಕಾಕಾ, ಕ್ಯಾಂಟೀನ್ ಬಾಟಲಿ ಒಂದು ಒಡೆದ್ರ ಎಷ್ಟು ದಿನ ಬರ್ತದ?’ ಅಂತ ಕೇಳಿದರೆ ‘ಐದು ದಿನ’ ಎಂದು ಥಟ್ಟನೆ ಹೇಳುತ್ತಾರೆ. 750 ಎಂಎಲ್‌ಗೆ 25 ಡ್ರಿಂಕ್. ಐದು ದಿನಕ್ಕೆ ಹಂಚಿದರೆ ದಿನಕ್ಕೆ ಐದು. ಬಾಟಲಿ ಅವರೊಬ್ಬರೇ ಮುಗಿಸುತ್ತಾರಾ, ಅಳಿಯನಿಗೆ, ಗೆಳೆಯರಿಗೆ ಹೋಗುತ್ತದಾ ಅಂತ ಇನ್ನೊಂದು ಮಾತು ಕೇಳಿಕೊಂಡರೆ ಆಯಿತು. ಈ ಲೆಕ್ಕದಲ್ಲಿ ಯಾರ ಮರ್ಯಾದೆಗೂ ಧಕ್ಕೆಯಿಲ್ಲ.

ಮರ್ಯಾದೆಯ ಮಾತು ಬಂತಲ್ಲ, ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಅಲ್ಲಿದೆ. ಅಮೆರಿಕದಲ್ಲಿ ಎಲ್ಲರಿಗೂ ಕೇಳುವ ವ್ಯವಸ್ಥೆ ಬಂತು, ಫಾರಂ ತುಂಬಿತು, ಅಂಕಿಅಂಶ ಚೆನ್ನಾಗಿ ಕಂಡಿತು. ಆಮೇಲೆ ಸಂಶೋಧಕರು ಅದೇ ಮಾಜಿ ಸೈನಿಕರಿಗೆ ಅದೇ ಪ್ರಶ್ನೆಗಳನ್ನು ಅಂಚೆಯಲ್ಲಿ, ಗುಟ್ಟಾಗಿ ಕಳಿಸಿದರು. 2011ರಲ್ಲಿ ಬಂದ ಆ ಅಧ್ಯಯನದ ಪ್ರಕಾರ, ಮನೆಯಲ್ಲಿ ಕೂತು ತುಂಬಿದ ಫಾರಂನಲ್ಲಿ ಅಪಾಯದ ಅಂಕ ಬಂದವರ ಪೈಕಿ ಅರ್ಧಕ್ಕಿಂತ ಹೆಚ್ಚು ಜನ ಕ್ಲಿನಿಕ್‌ನ ದಾಖಲೆಯಲ್ಲಿ ‘ತೊಂದರೆ ಇಲ್ಲ’ ಅನ್ನುವ ಪಟ್ಟಿಯಲ್ಲಿದ್ದರು. ಪ್ರಶ್ನೆ ಒಂದೇ, ಮನುಷ್ಯ ಒಬ್ಬನೇ, ಉತ್ತರ ಬೇರೆ. ಕ್ಲಿನಿಕ್‌ಗಳಲ್ಲಿ ಕೂತು ಗಮನಿಸಿದಾಗ ಸಿಬ್ಬಂದಿ ಪ್ರಶ್ನೆಯನ್ನು ಬರೆದಂತೆ ಓದದೆ ತಮಗೆ ತೋಚಿದಂತೆ ಬದಲಿಸಿ ಕೇಳುವುದೂ ಕಂಡುಬಂತು. ‘ನೀವೇನು ಕುಡಿಯಲ್ಲ ಅಲ್ವಾ?’ ಅಂತ ಕೇಳಿದರೆ ಯಾರು ತಾನೇ ‘ಕುಡೀತೀನಿ’ ಅಂದಾರು?

ನಮ್ಮ ಓಪಿಡಿಯ ಚಿತ್ರ ಇದಕ್ಕಿಂತ ಕಷ್ಟದ್ದು. ಡಾಕ್ಟರ ಕೋಣೆಯ ಬಾಗಿಲು ಅರ್ಧ ತೆರೆದಿರುತ್ತದೆ. ಹಿಂದಿನ ಸ್ಟೂಲಿನಲ್ಲಿ ಮುಂದಿನ ಪೇಷೆಂಟ್ ಆಗಲೇ ಕೂತಿರುತ್ತಾರೆ, ಅವರು ಅದೇ ಪಲ್ಟನ್‌ನವರಾದರೂ ಆಶ್ಚರ್ಯವಿಲ್ಲ. ಪಕ್ಕದಲ್ಲಿ ಹೆಂಡತಿ. ಎದುರಿಗೆ ಮಗಳ ವಯಸ್ಸಿನ ನರ್ಸ್. ಆಕೆ ‘ಎಷ್ಟು ಕುಡಿತೀರಿ?’ ಅಂದಾಗ ಸುಬೇದಾರ್ ಸಾಹೇಬರು ಏನು ಹೇಳಬೇಕು?

ಇದರ ಜೊತೆಗೆ ಸೈನಿಕರಿಗೆ ಮಾತ್ರ ಇರುವ ಒಂದು ಅಂಜಿಕೆಯೂ ಇದೆ. ಸರ್ವಿಸ್‌ನಲ್ಲಿರುವಾಗ ಮದ್ಯವ್ಯಸನ ಎಂದು ದಾಖಲಾದರೆ ಮೆಡಿಕಲ್ ಕೆಟಗರಿ (ಆರೋಗ್ಯದ ದರ್ಜೆ) ಇಳಿಯುತ್ತದೆ. ಕೆಟಗರಿ ಇಳಿದರೆ ಪ್ರಮೋಷನ್‌ಗೆ, ಪೋಸ್ಟಿಂಗ್‌ಗೆ ಪೆಟ್ಟು. ಹದಿನೈದು ಇಪ್ಪತ್ತು ವರ್ಷ ‘ಡಾಕ್ಟರ ಮುಂದೆ ಈ ಮಾತು ಎತ್ತಬಾರದು’ ಎಂದು ರೂಢಿಸಿಕೊಂಡ ನಾಲಿಗೆ ಯೂನಿಫಾರ್ಮ್ ಕಳಚಿದ ಮರುದಿನವೇ ಸಡಿಲವಾಗುವುದಿಲ್ಲ. ಇನ್ನೊಂದು ಕಡೆ, ಅದೇ ಸರ್ವಿಸ್‌ನಲ್ಲಿ ಮೆಸ್ಸಿನ ಪಾರ್ಟಿ, ಹಿಮದ ಪೋಸ್ಟ್‌ಗಳ ರಮ್ ಕುಡಿತವನ್ನು ಮಾಮೂಲಿ ಮಾಡಿರುತ್ತವೆ. ಕುಡಿಯುವುದು ಸಹಜ, ಹೇಳುವುದು ಅಪಾಯ. ಈ ಎರಡನ್ನೂ ಹೊತ್ತುಕೊಂಡೇ ಅವರು ಊರಿಗೆ ಬರುತ್ತಾರೆ. ಮೊಣಕಾಲು ನೋವು, ಸೊಂಟ ನೋವು, ಬಾರದ ನಿದ್ದೆ, ಕೆಲವರಿಗೆ ನೋಡಬಾರದ್ದನ್ನು ನೋಡಿದ ನೆನಪು, ಎಲ್ಲಕ್ಕೂ ಸಂಜೆಯ ಪೆಗ್ಗೇ ಮದ್ದಾಗುತ್ತದೆ.

ಹಾಗಾಗಿ ಕೇಳುವ ಮುಂಚೆ ಎರಡು ವಾಕ್ಯ ಹೇಳಬೇಕು. ‘ಇಲ್ಲಿಗೆ ಬರುವ ಎಲ್ಲರಿಗೂ ಇದನ್ನು ಕೇಳುತ್ತೇವೆ. ಬಿಪಿ, ಶುಗರ್ ಮಾತ್ರೆ ಸರಿಯಾಗಿ ಕೊಡಬೇಕಾದರೆ ಇದು ಗೊತ್ತಿರಬೇಕು.’ ಇಷ್ಟು ಹೇಳಿದರೆ ವಿಚಾರಣೆ ಹೋಗಿ ತಪಾಸಣೆ ಆಗುತ್ತದೆ. ಬಾಯಿಬಿಟ್ಟು ಕೇಳಲು ಮುಜುಗರವಾದರೆ ಕನ್ನಡದಲ್ಲಿ, ಮರಾಠಿಯಲ್ಲಿ ಒಂದು ಹಾಳೆ ಕೊಟ್ಟು ಗುರುತು ಹಾಕಲು ಹೇಳಬಹುದು. ಬೆಳಗಾವಿಯಲ್ಲಿ ಎರಡೂ ಬೇಕು. ಹೆಂಡತಿಯನ್ನು ಒಂದು ನಿಮಿಷ ಹೊರಗೆ ಕೂರಿಸುವುದೂ ಒಳ್ಳೆಯದು. ಅವರು ಸುಳ್ಳು ಹೇಳುತ್ತಾರೆಂದಲ್ಲ. ಅವರ ಎದುರು ಗಂಡ ನಿಜ ಹೇಳುವುದಿಲ್ಲ, ಅಥವಾ ಅವರೇ ಉತ್ತರ ಕೊಡಲು ಶುರು ಮಾಡಿ ಅಲ್ಲೇ ಜಗಳವಾಗುತ್ತದೆ! ಅವರ ಮಾತನ್ನು ಆಮೇಲೆ ಬೇರೆಯಾಗಿ ಕೇಳಬಹುದು. ಗುಟ್ಟಿನ ವಿಷಯಕ್ಕೆ ಕಾನೂನಿನ ಬೆಂಬಲವೂ ಇದೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ 23ನೇ ಸೆಕ್ಷನ್ ಚಿಕಿತ್ಸೆಯ ಮಾಹಿತಿಯನ್ನು ಗುಟ್ಟಾಗಿಡುವ ಹಕ್ಕು ಕೊಡುತ್ತದೆ, ಮದ್ಯದಿಂದ ಬರುವ ಮಾನಸಿಕ ತೊಂದರೆಗಳೂ ಆ ಕಾಯ್ದೆಯೊಳಗೆ ಬರುತ್ತವೆ.

‘ಇಷ್ಟೆಲ್ಲ ಯಾಕೆ, ಲಿವರ್ ಟೆಸ್ಟ್ ಮಾಡಿಸಿದರೆ ಗೊತ್ತಾಗಲ್ವಾ?’ ಅನ್ನುವವರಿದ್ದಾರೆ. ಗೊತ್ತಾಗುವುದಿಲ್ಲ. ಜಿಜಿಟಿಯಂಥ ರಕ್ತ ಪರೀಕ್ಷೆಗಳು ಏರುವುದು ಸಾಮಾನ್ಯವಾಗಿ ತಡವಾಗಿ. ಅಪಾಯದ ಮಟ್ಟದಲ್ಲಿ ಕುಡಿಯುವ ಎಷ್ಟೋ ಜನರ ರಿಪೋರ್ಟ್ ನಾರ್ಮಲ್ ಬರುತ್ತದೆ. ಆ ನಾರ್ಮಲ್ ರಿಪೋರ್ಟನ್ನು ಪರವಾನಗಿಯಂತೆ ಜೇಬಿನಲ್ಲಿಟ್ಟುಕೊಳ್ಳುತ್ತಾರೆ. ಆರಂಭದಲ್ಲೇ ಹಿಡಿಯುವ ವಿಷಯದಲ್ಲಿ ಸರಿಯಾಗಿ ಕೇಳಿದ ಪ್ರಶ್ನೆಯೇ ರಕ್ತ ಪರೀಕ್ಷೆಗಿಂತ ಮೇಲು.

ಅಂಕ ಬಂದ ಮೇಲೆ ಏನು? ಆಡಿಟ್-ಸಿಯಲ್ಲಿ ಅಂಕ ಹೆಚ್ಚಾದರೆ ಉಳಿದ ಏಳು ಪ್ರಶ್ನೆಗಳನ್ನೂ ಕೇಳಬೇಕು. ಶುರು ಮಾಡಿದರೆ ನಿಲ್ಲಿಸಲು ಆಗುವುದಿಲ್ಲವಾ, ಬೆಳಿಗ್ಗೆ ಬೇಕಾಗುತ್ತದಾ, ರಾತ್ರಿ ನಡೆದದ್ದು ಮರೆತುಹೋಗುತ್ತದಾ, ಪೆಟ್ಟಾಗಿದೆಯಾ, ಇಂಥವು. ಒಟ್ಟು 40ರಲ್ಲಿ 8 ಮುಟ್ಟಿದರೆ ಅಪಾಯದ ಕುಡಿತ, ತಿಳಿಹೇಳಿದರೆ ಸಾಕು. 16 ಮುಟ್ಟಿದರೆ ಕೂತು ಆಪ್ತಸಲಹೆ ಕೊಟ್ಟು ಮತ್ತೆ ಮತ್ತೆ ನೋಡಬೇಕು. 20 ಮುಟ್ಟಿದರೆ ಮನೋವೈದ್ಯರಿಗೆ ತೋರಿಸಬೇಕು, ವ್ಯಸನ ಇರುವ ಸಾಧ್ಯತೆ ಹೆಚ್ಚು.

ತಿಳಿಹೇಳುವುದು ಅಂದರೆ ಉಪದೇಶವಲ್ಲ. ‘ಬಿಟ್ಟುಬಿಡ್ರಿ, ಇಲ್ಲಾಂದ್ರ ಸಾಯ್ತೀರಿ’ ಅಂದರೆ ಅವರು ಬಿಡುವುದು ಕುಡಿತವನ್ನಲ್ಲ, ನಿಮ್ಮ ಕ್ಲಿನಿಕ್‌ಅನ್ನು. ಐದರಿಂದ ಹದಿನೈದು ನಿಮಿಷದ ಮಾತು ಅದು. ‘ಸಾಹೇಬ್ರ, ನಿಮ್ಮ ಅಂಕಿ ಇಷ್ಟು ಬಂದದ. ನಿಮ್ಮ ಬಿಪಿ ಇಳೀದೇ ಇರೂದಕ್ಕ ಇದೂ ಒಂದು ಕಾರಣ. ಮುಂದ ಏನು ಮಾಡೂದು ನಿಮ್ಮ ಕೈಯಾಗದ. ನಿಮಗ ಏನು ಆಗತದ ಅನಸ್ತದ?’ ಒಬ್ಬರು ಲಾರ್ಜನ್ನು ಸ್ಮಾಲ್ ಮಾಡುತ್ತೇನೆ ಅನ್ನಬಹುದು. ಇನ್ನೊಬ್ಬರು ವಾರಕ್ಕೆ ಮೂರು ದಿನ ಮುಟ್ಟುವುದಿಲ್ಲ ಅನ್ನಬಹುದು. ಗುರಿ ಅವರ ಬಾಯಿಂದಲೇ ಬಂದರೆ ನಿಲ್ಲುತ್ತದೆ. ಹಾಗಂತ ಕಮ್ಮಿ ಕುಡಿದರೆ ಪೂರ್ತಿ ಸುರಕ್ಷಿತ ಅಂತಲೂ ಅಲ್ಲ. ಎಷ್ಟೇ ಕಮ್ಮಿಯಾದರೂ ಅಪಾಯವಿಲ್ಲದ ಪ್ರಮಾಣ ಎಂಬುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೇಳಿದೆ.

ಈ ಮಾತುಕತೆಯಿಂದ ಎಷ್ಟು ಉಪಯೋಗ? ದೊಡ್ಡ ಪವಾಡವೇನಿಲ್ಲ. 2018ರಲ್ಲಿ ಕೊಕ್ರೇನ್ ಸಂಸ್ಥೆ ಹತ್ತಾರು ಪ್ರಯೋಗಗಳನ್ನು ಒಟ್ಟುಹಾಕಿ ನೋಡಿದಾಗ, ಒಂದು ವರ್ಷದ ನಂತರ ವಾರಕ್ಕೆ ಸರಾಸರಿ 20 ಗ್ರಾಂ ಕುಡಿತ ಕಮ್ಮಿಯಾಗಿತ್ತು. ನಮ್ಮ ಲೆಕ್ಕದಲ್ಲಿ ವಾರಕ್ಕೆ ಒಂದು ಲಾರ್ಜ್ ಪೆಗ್. ಇಷ್ಟೇನಾ ಅನ್ನಿಸಬಹುದು. ನನಗೂ ಇದು ಸಣ್ಣದೇ ಅನ್ನಿಸುತ್ತದೆ. ಆದರೆ ಹತ್ತು ನಿಮಿಷದ ಮಾತಿಗೆ, ಒಂದು ಪೈಸೆಯ ಔಷಧಿ ಇಲ್ಲದೆ, ಸಾವಿರಾರು ಜನರಲ್ಲಿ ಆಗುವ ಬದಲಾವಣೆ ಎಂದು ನೋಡಿದರೆ ಬೇಡವೆನ್ನುವಂತಿಲ್ಲ. ವ್ಯಸನವಾಗಿಬಿಟ್ಟವರಿಗೆ ಮಾತ್ರ ಇದು ಸಾಲದು. ಅವರಿಗೆ ಚಿಕಿತ್ಸೆಯೇ ಬೇಕು, ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್‌ನಂಥ ಮಾತ್ರೆಗಳೂ ಇವೆ. ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಮದ್ಯವ್ಯಸನ ಇರುವ 38 ಜನರಲ್ಲಿ ಒಬ್ಬರಿಗೆ ಮಾತ್ರ ಏನಾದರೂ ಚಿಕಿತ್ಸೆ ಸಿಕ್ಕಿದೆ. ಕೇಳಿ, ಅಂಕ ಬರೆದು, ಫೈಲ್ ಮುಚ್ಚಿಟ್ಟರೆ ಈ ಲೆಕ್ಕ ಬದಲಾಗುವುದಿಲ್ಲ. ಮುಂದೆ ಕಳಿಸುವ ಜಾಗ ಗೊತ್ತಿಲ್ಲದೆ ಸ್ಕ್ರೀನಿಂಗ್ ಶುರು ಮಾಡುವುದು ಸುಮ್ನೆ ಕೆಲಸ.

ಬೆಳಗಾವಿಯವರಿಗೆ ಜಾಗ ಇಲ್ಲದೇ ಇಲ್ಲ. ಬಿಮ್ಸ್ ಜಿಲ್ಲಾಸ್ಪತ್ರೆ ಊರಲ್ಲೇ ಇದೆ. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್ ಹತ್ತಿರದಲ್ಲೇ ಇದೆ. ಇಸಿಎಚ್ಎಸ್ ಕಾರ್ಡ್ ಇದ್ದವರು ರೆಫರಲ್ ಬಗ್ಗೆ ಪಾಲಿಕ್ಲಿನಿಕ್‌ನಲ್ಲೇ ವಿಚಾರಿಸಬಹುದು. ಫೋನಿನಲ್ಲಿ ಮಾತಾಡಬೇಕೆಂದರೆ ಮಾನಸಿಕ ಆರೋಗ್ಯದ ಟೆಲಿ ಮಾನಸ್ ಸಹಾಯವಾಣಿ 14416, ವ್ಯಸನಕ್ಕೆಂದೇ ಇರುವ ಸಹಾಯವಾಣಿ 14446.

ಮನೆಯವರು ಒಂದು ವಿಷಯ ತಿಳಿದಿರಲೇಬೇಕು. ವರ್ಷಗಟ್ಟಲೆ ದಿನವೂ ಜಾಸ್ತಿ ಕುಡಿದವರು ಹಟಕ್ಕೆ ಬಿದ್ದು, ಶ್ರಾವಣ ಬಂತೆಂದೋ ಮಾಲೆ ಹಾಕಿದರೆಂದೋ, ಒಂದೇ ಏಟಿಗೆ ನಿಲ್ಲಿಸಿದರೆ ಅದೂ ಅಪಾಯ. ಮೊದಲ ಎರಡು ದಿನದೊಳಗೆ ಕೈ ನಡುಕ, ಬೆವರು, ಕೆಲವರಿಗೆ ಫಿಟ್ಸ್. ಎರಡು ಮೂರು ದಿನದ ಹೊತ್ತಿಗೆ ಇಲ್ಲದ್ದು ಕಾಣುವುದು, ಕೇಳುವುದು, ಊರು ಮನೆಯ ಅರಿವು ತಪ್ಪುವುದು. ದೆವ್ವ ಬಡಿಯಿತೆಂದು ತಾಯತ ಕಟ್ಟಿಸಲು ಓಡುವುದು ಈ ಹಂತದಲ್ಲೇ. ಇದು ಪ್ರಾಣಕ್ಕೆ ಕುತ್ತು ತರುವ ಸ್ಥಿತಿ, ಆಸ್ಪತ್ರೆಯಲ್ಲಿ ಔಷಧಿಯಿಂದ ಹತೋಟಿಗೆ ಬರುತ್ತದೆ. ಹಾಗಾಗಿ ಇಂಥವರು ಬಿಡಬೇಕೆಂದು ಮನಸ್ಸು ಮಾಡಿದರೆ, ಬಿಡುವ ದಿನಕ್ಕಿಂತ ಮುಂಚೆ ಡಾಕ್ಟರನ್ನು ಕಾಣಬೇಕು. ನಿಲ್ಲಿಸಿದ ಮೇಲೆ ಇವು ಕಾಣಿಸಿಕೊಂಡರೆ ಬೆಳಗಾಗುವ ತನಕ ಕಾಯಬೇಡಿ, 108ಕ್ಕೆ ಫೋನ್ ಮಾಡಿ.